ಸೊಟ್ಟ ಕೂತ ಟ್ವೀಟರ್

ಸೊರಬ

ಅಪ್ಪಾಜಿಗೆ ಗಂಗಾಶ್ರೀಯ ನಮಸ್ಕಾರ.

ನೀವು ಫೋನ್ ಎತ್ತುತ್ತಿಲ್ಲ. ಅದಕ್ಕೇ ಶಿಕಾರಿಪುರದ ಬಸ್ಸಿನಲ್ಲಿ ಈ ಕಾಗದ ಕಳಿಸುತ್ತಿದ್ದೇನೆ.

ಮಠಕ್ಕೆ ನಾನು ಮಾಡಿಕೊಟ್ಟ ಸ್ಪೀಕರ್ ಡಬ್ಬಿಗಳಲ್ಲಿ ಎಡಗಡೆಯದರ ಟ್ವೀಟರ್, ಅಂದರೆ ಅದರೊಳಗಿನ ಸಣ್ಣ ಸ್ಪೀಕರ್, ಸೊಟ್ಟ ಕೂತಿದೆಯೆಂದು, "ಹುಡ್ಗಿ ಕೈಯಾಗ ಕೊಟ್ರೆ ಹಿಂಗ ಆಗೋದು ನೋಡ್ರಿ" ಎಂದು ಕಮಿಟಿಯವರ ಮುಂದೆ ಅಂದಿರಂತೆ. ಸೊಟ್ಟ ಕೂರಿಸಿದ್ದು ನಾನೇ, ಬೇಕೆಂದೇ.

ದೊಡ್ಡ ಸ್ಪೀಕರಿನ ದನಿ ಎಲ್ಲ ಕಡೆ ಹರಡುತ್ತದೆ. ಈ ಸಣ್ಣದರ ದನಿ ಅದರ ಮುಖವಿದ್ದ ಕಡೆಗಷ್ಟೇ ಹೋಗುತ್ತದೆ. ಮಾತು ಬಿಡಿಬಿಡಿಯಾಗಿ ತಿಳಿಯುವುದು ಅದರಿಂದಲೇ. ಶ್ರಾವಣದ ಪುರಾಣಕ್ಕೆ ನೀವು ಗಂಡಸರು ಎದುರಿಗೆ ಕೂರುತ್ತೀರಿ, ಹೆಂಗಸರು ಕಂಬದ ಆಚೆ. ಬಲಗಡೆಯ ಟ್ವೀಟರ್ ನಿಮ್ಮ ಕಡೆಗೇ ಇದೆ. ಎಡಗಡೆಯದನ್ನು ಕೂರಿಸುವಾಗ ಅವ್ವನನ್ನು ಕಂಬದ ಆಚೆ ಕೂರಿಸಿದ್ದೆ. "ಇಷ್ಟು ವರ್ಷ ಬರೀ ಗುಂಯ್ ಅಂತಿತ್ತು, ಈಗ ಮಾತು ತಿಳೀತೈತಿ ನೋಡು" ಎಂದು ಅವಳು ಹೇಳಿದ ಮೇಲೆಯೇ ಸ್ಕ್ರೂ ಬಿಗಿದದ್ದು.

ನಾನು ಬಂದು ನೇರ ಮಾಡುವುದಿಲ್ಲ. ಬೇರೆಯವರನ್ನು ಕರೆಸುವ ಮೊದಲು ಒಂದು ಸಂಜೆ ಅವ್ವನ ಪಕ್ಕ ಕೂತು ಪುರಾಣ ಕೇಳಿ. ಆಮೇಲೂ ನೇರ ಮಾಡಬೇಕೆನಿಸಿದರೆ, ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟು ಬಂದಿದ್ದೇನೆ. ಅವಳನ್ನೇ ಕೇಳಿ ಈಸಿಕೊಳ್ಳಿ.

ನಿಮ್ಮ ಮಗಳು,
ಗಂಗಾಶ್ರೀ