ತಂಗಿಗೆ ತವರಿನ ಹಾಲು

ತಮ್ಮ ಭರಮಣ್ಣ,

ಶಿವರಾತ್ರಿಯ ಮುಂಜಾನೆ ನನ್ನ ತಂಗಿ, ನಿನ್ನ ಅಕ್ಕ ಕೊಟ್ರವ್ವನಿಗೆ ಜ್ವರ ಶುರುವಾಯಿತು. ನೀನು ಓಟು ಕೇಳಲು ಮಾಯಕೊಂಡದ ಕಡೆ ಹೋಗಿದ್ದೆ. ನಿನ್ನ ಮಂಡಕ್ಕಿ ಭಟ್ಟಿ ಆರಿಸಿ ನಾನು ಹರಿಹರಕ್ಕೆ, ಅವಳ ಗಂಡನ ಮನೆಗೆ ಓಡಿದೆ. ಹೇಳಿಕಳಿಸಿದರೆ, "ಓಟಿನ ದಿನ ಕಳೀಲಿ" ಅಂದೆಯಂತೆ.

ನಾಲ್ಕು ದಿನ ಗಂಜಿ ಕುಡಿಸಿದವನು ನಾನು. ಅವಳು ಮಾತ್ರ ಬಾಗಿಲು ನೋಡುತ್ತಾ, "ತಮ್ಮ ಬಂದ್ನೇನಣ್ಣ?" ಅನ್ನುವಳು. ಹೊಟ್ಟೆ ಉರಿಯಿತು. ಆದರೂ, "ದಾರೀಲಿ ಅದಾನವ್ವ" ಅಂದೆ.

"ನನ್ ಮಣ್ಣಿಗೆ ತವರಿನ ಹಾಲು ಅವನ ಕೈಲೇ ಎರೆಸು" ಅಂದಳು.

ಅವಳು ಹೋಗಿ ಇವತ್ತಿಗೆ ಮೂರನೇ ದಿನ, ಮಣ್ಣಿಗೆ ಹಾಲು ಎರೆಯುವ ಹಾಲುತುಪ್ಪ. ಭಟ್ಟಿ ಹಚ್ಚಬೇಡ. ಒಗೆದ ಪಂಚೆ ಗೂಟದ ಮೇಲಿದೆ. ಅಂಗಿಯ ಮೇಲಿನ ಪಕ್ಷದ ಬಿಲ್ಲೆ ತೆಗೆದು ಬಾ.

ಮಧ್ಯಾಹ್ನದವರೆಗೆ ಹರಿಹರದಲ್ಲಿ ಅವಳ ಮಣ್ಣಿನ ಹತ್ತಿರ ಚೊಂಬು ಹಿಡಿದು ಕಾಯುತ್ತೇನೆ. ನೀನು ಬರದಿದ್ದರೆ ನಾನೇ ಎರೆಯಬಹುದೆಂದು ಒಳಗೊಳಗೇ ಆಸೆಯೂ ಇದೆ, ಸುಳ್ಳು ಯಾಕೆ ಹೇಳಲಿ. ಆದರೂ ಬೇಗ ಬಾ.

ಕೊಟ್ರವ್ವ ಹೋದದ್ದು ಶನಿವಾರ. ಹಾಲು ಹಿಡಿದು ನಾನು ಹೊರಟದ್ದು ಇವತ್ತು, ಸೋಮವಾರ.

ನಿನ್ನ ಅಣ್ಣ ಮಾಳಿಂಗಪ್ಪ