ತುಟಿ ಕಾಣದ ಭಾನುವಾರಗಳು

ಆಗಸ್ಟ್ 11, ಭಾನುವಾರ

ಇವತ್ತೂ ಅದೇ. ವಿಡಿಯೊ ಕಾಲ್ ಮಾಡಿದೆ. ಅಮ್ಮ ಮೂಗು ತಾಗುವಷ್ಟು ಹತ್ತಿರ ಬಂದು, ಕಣ್ಣು ಕಿರಿದು ಮಾಡಿ ನೋಡಿದಳು. ಕೊನೆಗೆ ತಲೆ ಅಲ್ಲಾಡಿಸಿದಳು.

"ಮುಖ ಇದೆ, ಬಾಯಿ ಇಲ್ಲ. ಹಬೆ ಹಿಡಿದ ಕನ್ನಡಿ ಥರ ಇದೀಯ."

ಅಮ್ಮನಿಗೆ ಕಿವಿ ಕೇಳಿಸುವುದಿಲ್ಲ. ತುಟಿ ನೋಡಿ ಮಾತು ತಿಳಿಯುತ್ತಾಳೆ. ನನ್ನ ಫೋನಿನ ಕ್ಯಾಮೆರಾ ಬಿದ್ದು ಒಡೆದ ಮೇಲೆ ಈ ಲ್ಯಾಪ್‌ಟಾಪೇ ಗತಿ. ಇದರಲ್ಲಿ ಎಲ್ಲ ಬ್ಲರ್. ಹಾಗಾಗಿ ಪಕ್ಕದಲ್ಲಿ ಕೂತ ಚಿಕ್ಕಮ್ಮ ನನ್ನ ಮಾತು ಕೇಳಿ ಅಮ್ಮನಿಗೆ ದಾಟಿಸುತ್ತಾಳೆ. ಒಂದು ಹೇಳಿದರೆ ಅಲ್ಲಿ ಮೂರಾಗಿ ತಲುಪುತ್ತದೆ.

"ಚೆನ್ನಾಗಿದೀನಿ" ಅಂದೆ.

"ಸೂಪರಾಗಿದಾಳಂತೆ ಅಕ್ಕ, ಕ್ಲಾಸಿಗೇ ಟಾಪ್ ಅಂತೆ!"

ಟಾಪ್. ಕಾಲೇಜಿನ ಕ್ಲಾಸಿಗೆ ಕಾಲಿಡದೆ ಎರಡು ವಾರವಾಯಿತು. ಸೆಮಿನಾರ್ ದಿನ ಬೋರ್ಡ್ ಮುಂದೆ ನಿಂತೆ, ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಿಂದಿನ ಬೆಂಚು ನಕ್ಕಿತು. ಅಲ್ಲಿಂದೀಚೆ ಹೋಗಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅಮ್ಮನಿಗೆ ಹೇಳಬೇಕು. ಅಮ್ಮನಿಗೆ ಮಾತ್ರ. ಚಿಕ್ಕಮ್ಮನ ಕಿವಿಗೆ ಬಿದ್ದರೆ ಬೀದಿಗೆಲ್ಲ ಡಂಗುರ. ಮೆಸೇಜ್ ಮಾಡಿದರೂ ಮೊದಲು ಓದುವುದು ಅವಳೇ… ಫೋನ್ ಅವಳದು.

ಆಗಸ್ಟ್ 13

ನೆಟ್ ಸ್ಲೋ ಅಂದುಕೊಂಡಿದ್ದೆ. ಕಾಲ್ ಇಲ್ಲದೆ ಬರೀ ಕ್ಯಾಮೆರಾ ಆಪ್ ತೆರೆದೆ. ಅಲ್ಲೂ ಅದೇ ಹಬೆ. ನೆಟ್ ಪಾಪ, ನಿರಪರಾಧಿ.

ಡ್ರೈವರ್ ಅಪ್‌ಡೇಟ್. ರೀಸ್ಟಾರ್ಟ್. ಸೆಟ್ಟಿಂಗ್ಸಲ್ಲಿ ಎಚ್‌ಡಿ ಆನ್. ಬೆಟ್ಟ ಅಗೆದು ಇಲಿಯೂ ಸಿಗಲಿಲ್ಲ.

ಸುಸ್ತು. ಮಲಗಿದೆ. ಮಧ್ಯಾಹ್ನದ ಲ್ಯಾಬ್ ಹೋಯಿತು.

ಆಗಸ್ಟ್ 18, ಭಾನುವಾರ

ರೂಮ್‌ಮೇಟ್ ನನ್ನ ಕುರ್ಚಿಯನ್ನೇ ತಿರುಗಿಸಿದಳು. ಒಂಬತ್ತಕ್ಕೇ ಮುಸುಕೆಳೆದು ಮಲಗುತ್ತಾಳೆಂದು ಎಲ್ಲರೂ ಅವಳನ್ನು ಅಜ್ಜಿ ಅನ್ನುತ್ತೇವೆ.

"ಕಿಟಕಿಗೆ ಬೆನ್ನು ಹಾಕಿ ಕೂತ್ರೆ ಮುಖ ಕಪ್ಪಾಗದೆ ಇನ್ನೇನಾಗುತ್ತೆ? ಬೆಳಕಿನ ಕಡೆ ತಿರುಗು ತಾಯಿ."

ತಿರುಗಿದೆ. ಕಪ್ಪು ಹೋಯಿತು. ಹಬೆ ಉಳಿಯಿತು. ಈಗ ಬೆಳ್ಳಗಿನ ಹಬೆ.

ಕಾಲ್‌ನಲ್ಲಿ ಅಮ್ಮ, "ಸಣ್ಣಗಾಗಿದೀಯಾ?"

"ಕ್ಯಾಮೆರಾ ಅಕ್ಕ, ಹಾಗೆ ತೋರಿಸುತ್ತೆ" ಅಂದಳು ಚಿಕ್ಕಮ್ಮ. ನಾನೂ ಹೂಂ ಅಂದೆ.

ಮೊದಲು ಓದಿದ ಹಾಸ್ಟೆಲ್ ಶಾಲೆಯ ವಿಸಿಟರ್ಸ್ ರೂಮ್ ನೆನಪಾಯಿತು. ಗಾಜಿನ ಆಚೆ ಅಮ್ಮ, ಬಾಗಿಲಲ್ಲಿ ವಾರ್ಡನ್. ನಾವಿಬ್ಬರೂ ದನಿಯಿಲ್ಲದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದೆವು. ಪಕ್ಕದಲ್ಲೇ ನಿಂತವರಿಗೂ ಒಂದಕ್ಷರ ಗೊತ್ತಾಗುತ್ತಿರಲಿಲ್ಲ. ತುಟಿ ಕಂಡರೆ ಸಾಕಿತ್ತು.

ಆಗಸ್ಟ್ 24, ಶನಿವಾರ, ಸಂಜೆ

ಸಿಕ್ಕಿತು! ಅಜ್ಜಿ ಫೋನಿನ ಟಾರ್ಚನ್ನು ಓರೆಯಾಗಿ ಹಿಡಿದಳು. ಕ್ಯಾಮೆರಾ ಮೇಲೆ ಚೌಕನೆಯ ಮಂಕು ಹೊಳಪು.

"ಇಲ್ಲೇನೇ ಅಂಟಿಸಿದ್ದೆ?"

ಗಾಯಕ್ಕೆ ಅಂಟಿಸುವ ಪಟ್ಟಿ! ಶಾಲೆಯ ಹಾಸ್ಟೆಲಿನ ರೂಲ್—ಲ್ಯಾಪ್‌ಟಾಪ್ ತಂದವರೆಲ್ಲ ಕ್ಯಾಮೆರಾ ಮುಚ್ಚಬೇಕು. ಟೇಪ್ ಬೇಗ ಕಿತ್ತು ಬರುತ್ತದೆಂದು ವಾರ್ಡನ್ ಸಿಕ್ ರೂಮಿನ ಪಟ್ಟಿಗಳನ್ನೇ ಹಂಚಿದ್ದರು. ಕಾಲೇಜಿಗೆ ಬಂದ ದಿನ ಕಿತ್ತೆಸೆದೆ. ಅದರ ಅಂಟು ಅಲ್ಲೇ ಕೂತಿದೆ. ಸ್ಕ್ರೀನ್ ಒರೆಸುವಾಗೆಲ್ಲ ಆ ಜಾಗ ಮಾತ್ರ ಬಿಟ್ಟು ಒರೆಸಿದ್ದೇನೆ. ಅಲ್ಲಿ ಕೈ ಇಟ್ಟರೆ ಪನಿಶ್‌ಮೆಂಟ್… ಶಾಲೆ ಮುಗಿದರೂ ಬೆರಳಿಗೆ ಇನ್ನೂ ಗೊತ್ತಾಗಿಲ್ಲ.

"ಕಂಕುಳಲ್ಲಿ ಕೂಸು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ" ಅಂದಳು ಅಜ್ಜಿ.

ಕಿವಿಗೆ ಹಾಕುವ ಹತ್ತಿಕಡ್ಡಿಗೆ ತುಸು ಸ್ಯಾನಿಟೈಸರ್. ಒತ್ತದೆ, ಮೆಲ್ಲಗೆ ಉಜ್ಜಿದೆವು. ಆಪ್ ತೆರೆದೆ. ಕಣ್ಣಿನ ಕೆಳಗಿನ ಕಪ್ಪು, ಒಡೆದ ತುಟಿ, ಎಣ್ಣೆ ಕಾಣದ ತಲೆ—ಎಲ್ಲ ಇದೆ. ಅಯ್ಯೋ. ಹಬೆಯೇ ವಾಸಿ ಇತ್ತು. ನಾಳೆಗೆ ನೆಪ ಉಳಿದಿಲ್ಲ.

ಆಗಸ್ಟ್ 25, ಭಾನುವಾರ

"ಆಹಾ, ಏನ್ ಕ್ಲಿಯರ್! ಮೂಗಿನ ಮೇಲಿನ ಮೊಡವೇನೂ ಕಾಣುತ್ತೆ!" ಚಿಕ್ಕಮ್ಮ.

ಅಮ್ಮ ನನ್ನ ಮುಖ ನೋಡುತ್ತಲೇ ಇದ್ದಳು.

ದನಿ ನಿಲ್ಲಿಸಿದೆ. ತುಟಿಯಲ್ಲಷ್ಟೇ ಹೇಳಿದೆ—ಅಮ್ಮ, ನಾನು ಕ್ಲಾಸಿಗೆ ಹೋಗ್ತಿಲ್ಲ. ಭಯ ಆಗುತ್ತೆ.

"ಅಯ್ಯೋ, ಮುಖ ಬಂತು ಅಂದ್ರೆ ಈಗ ದನಿ ಹೋಯ್ತಲ್ಲೇ! ಮೈಕ್ ನೋಡೇ!" ಚಿಕ್ಕಮ್ಮ ವಾಲ್ಯೂಮ್ ಒತ್ತತೊಡಗಿದಳು.

ಅಮ್ಮನ ಕಣ್ಣು ಕದಲಲಿಲ್ಲ. ಅವಳ ತುಟಿಯೂ ದನಿಯಿಲ್ಲದೆ ಆಡಿತು. ಯಾವಾಗಿಂದ?

ಹೇಳಿದೆ. ಬೋರ್ಡು, ನಗು, ಹಗಲೆಲ್ಲ ಹಾಸಿಗೆ. ಮಧ್ಯೆ ಚಿಕ್ಕಮ್ಮ, "ಹಲೋ… ಹಲೋ…"

ಅಮ್ಮ ತುಟಿಯಲ್ಲೇ ಅಂದಳು—ನಾಳೆ ಹೋಗು. ಮಾತಾಡ್ಬೇಡ. ಸುಮ್ನೆ ಕೂತು ಬಾ. ಸಂಜೆ ನಂಗೆ ಮುಖ ತೋರಿಸು.

"ಏನಂತೆ ಅಕ್ಕ?"

ಅಮ್ಮ ಈಗ ಗಟ್ಟಿಯಾಗಿ, "ಚೆನ್ನಾಗಿದಾಳಂತೆ."

ಆಗಸ್ಟ್ 26, ಬೆಳಿಗ್ಗೆ

ನಿದ್ದೆ ಅಷ್ಟಕ್ಕಷ್ಟೆ. ಬ್ಯಾಗ್ ತುಂಬಿದೆ, ಬಿಚ್ಚಿದೆ, ಮತ್ತೆ ತುಂಬಿದೆ. ಸುಮ್ಮನೆ ಕೂತು ಬರುವುದು. ಅಷ್ಟೇ.

ಅಜ್ಜಿ ಬಾಗಿಲಲ್ಲಿ, ಕೈಯಲ್ಲಿ ಅರ್ಧ ಬ್ರೆಡ್. "ಬರ್ತೀಯೋ, ಇಲ್ಲ ಇವತ್ತೂ ಬಾಗಿಲು ಎಳ್ಕೊಂಡು ಹೋಗ್ಲೋ?"

ಒಂದು ಚಪ್ಪಲಿ ಇಲ್ಲ. ಮಂಚದ ಕೆಳಗೆ… ಸಿಕ್ಕಿತು.

"ಬಂದೆ" ಅಂದೆ. ದನಿ ಹೊರಟಿತು. ಈಗ ನಾನೂ—