ನಾನೇ ಟೈಪ್ ಮಾಡಿದ ಹನ್ನೆರಡು ಹೆಸರು

ಮಾರ್ಚ್ ೧೪, ಗುರುವಾರ

ಇವತ್ತೂ ಕನೆಕ್ಟ್ ಆಗಲಿಲ್ಲ. ನನ್ನ ವೆಬ್ ಸ್ಕ್ರಿಪ್ಟ್ ಇರುವುದು ಲಿನಕ್ಸ್ ಕಂಪ್ಯೂಟರ್‌ನಲ್ಲಿ, ಡೇಟಾಬೇಸ್ ಇರುವುದು ಲ್ಯಾಬಿನ ವಿಂಡೋಸ್ ಸರ್ವರ್‌ನಲ್ಲಿ; ಎರಡಕ್ಕೂ ಕೊಂಡಿಯೇ ಕೂಡುತ್ತಿಲ್ಲ. ನಾಲ್ಕು ದಿನ ಒದ್ದಾಡಿದೆ. ಇವತ್ತು ಲ್ಯಾಬ್ ಮೇಡಂಗೆ ತೋರಿಸಲೇಬೇಕಿತ್ತು; ಕೊನೆಗೆ ಹೆದರಿ, ಡೇಟಾಬೇಸ್‌ನಿಂದ ಬರಬೇಕಾದ ಹನ್ನೆರಡು ಹೆಸರುಗಳನ್ನು ನಾನೇ ಪೇಜ್‌ನಲ್ಲಿ ಟೈಪ್ ಮಾಡಿಬಿಟ್ಟೆ.

ಮೇಡಂ ನೋಡಿ, "ಭೇಷ್ ಕಣೋ! ಸೀನಿಯರ್ಸ್ ಕೈಲೂ ಆಗಿರ್ಲಿಲ್ಲ. ನಾಳೆ ಕ್ಲಾಸ್ ಮುಂದೆ ತೋರ್ಸು, ನಾನೇ ಡೇಟಾಬೇಸ್‌ಗೆ ಒಂದು ಹೊಸ ಹೆಸರು ಸೇರಿಸ್ತೀನಿ" ಅಂದರು.

ರೂಮ್‌ಮೇಟ್‌ಗೆ ಹೇಳಿದರೆ ನಕ್ಕ. "ಜ್ವರ ಅಂತ ಮಲಗ್ಬಿಡೋ, ಜೀನಿಯಸ್ಸೇ!"

ಬೆಳಿಗ್ಗೆ ನಿಜ ಹೇಳಿಬಿಡಬೇಕು. ಆದರೆ ಮೇಡಂ ಹೊಗಳಿದ್ದನ್ನು ಆಗಲೇ ಫೋನಿನಲ್ಲಿ ಅಮ್ಮನಿಗೆ ಹೇಳಿದ್ದೇನೆ. "ಹಾಸ್ಟೆಲ್‌ಗೆ ಹಾಕಿದ್ದು ಸಾರ್ಥಕ ಆಯ್ತು ಕಂದಾ" ಅಂದಳು.

ಧೈರ್ಯವಿಲ್ಲ. ನಾಳೆ ಆ ಹೊಸ ಹೆಸರು ನನ್ನ ಪೇಜ್‌ನಲ್ಲಿ ಬರುವುದಿಲ್ಲ. ಮೇಡಂ ನನ್ನನ್ನು ನಂಬಿ ರಿಫ್ರೆಶ್ ಒತ್ತುತ್ತಲೇ ಇರುತ್ತಾರೆ, ನಾನು ಪಕ್ಕದಲ್ಲಿ ನಿಂತು ಅದೇ ಹನ್ನೆರಡು ಹೆಸರು ನೋಡುತ್ತಿರುತ್ತೇನೆ.